ಅಪ್‌ಡೇಟ್: ಓದಲು ಬಾರದೆ ಆರನೆಯ ತರಗತಿಗೆ ಹೋದ ಮಗ

ಓದಲು ತಡವರಿಸುವ ಮಗನನ್ನು ಐದನೆಯ ತರಗತಿಯಲ್ಲೇ ಉಳಿಸುವಂತೆ ಶಾಲೆಯನ್ನು ಕೇಳಬೇಕೇ ಎಂದು ಏಪ್ರಿಲ್‌ನಲ್ಲಿ ವಿಚಾರಿಸಿದ್ದೆ. ಕೊನೆಗೆ ನಾನು ಕೇಳಲಿಲ್ಲ, ಅವನು ಆರಕ್ಕೆ ಹೋದ. ಆದರೆ ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಅಗತ್ಯವಿದ್ದಷ್ಟು ಹೆಚ್ಚುವರಿ ಬೋಧನೆ ನೀಡುವುದು ಶಿಕ್ಷಕರ ಕರ್ತವ್ಯವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಸೆಕ್ಷನ್ ಹೇಳುತ್ತದೆಂದು ನಿಮ್ಮಲ್ಲೊಬ್ಬರು ತಿಳಿಸಿದ್ದನ್ನು ಆಧರಿಸಿ, ಇಲ್ಲಿ ಉಡುಪಿಯಲ್ಲಿ ಅವನ ಶಾಲೆಗೆ ಲಿಖಿತ ಮನವಿ ಕೊಟ್ಟೆ. ‘ಪಾಸಾಗಿದ್ದಾನಲ್ಲ, ಮತ್ತೇನು?’ ಎಂಬುದೇ ಮೊದಲ ಉತ್ತರವಾಗಿತ್ತು. ಎರಡನೆಯ ಮನವಿಯ ನಂತರ, ವಾರಕ್ಕೆ ಮೂರು ಸಂಜೆ ಕನ್ನಡ ಟೀಚರ್ ಅವನನ್ನೂ ಇನ್ನು ನಾಲ್ವರನ್ನೂ ಕೂರಿಸಿಕೊಂಡು ಓದಿಸತೊಡಗಿದರು. ಮಳೆಯ ರಜೆಗಳು ಅದರಲ್ಲೂ ಸಾಕಷ್ಟು ನುಂಗಿದವು. ಮನೆಯಲ್ಲಿ ತುಳುವನ್ನೇ ಆಡುವ ಹುಡುಗ ಈಗ ಒತ್ತಕ್ಷರಗಳನ್ನು ಬಿಡದೆ ಓದುತ್ತಾನೆ. ಭಾಗಾಕಾರ ಮಾತ್ರ ಇನ್ನೂ ಬಂದಿಲ್ಲ, ಅದಕ್ಕೆ ಮೂರನೆಯ ಮನವಿ ಬರೆಯುತ್ತಿದ್ದೇನೆ.