ಬ್ಯಾಂಡ್ ಪರೇಡ್ ಮತ್ತು ವಾಷಿಂಗ್ಟನ್ ದರ್ಶನ: ಒಂದೇ ದಿನ ಸಾಧ್ಯವೇ?

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ಓದುತ್ತಿರುವ ನನ್ನ ಮಗಳ ಹೈಸ್ಕೂಲ್ ಬ್ಯಾಂಡ್ ತಂಡವು ವಾಷಿಂಗ್ಟನ್ನಿನ ಚೆರ್ರಿ ಹೂವಿನ ಉತ್ಸವದ ಪರೇಡಿನಲ್ಲಿ ನುಡಿಸಲಿದ್ದು, ನಗರದರ್ಶನದ ಯೋಜನೆ ಪಾಲಕರ ಸಮಿತಿಯಲ್ಲಿರುವ ನನ್ನ ಪಾಲಿಗೆ ಬಂದಿದೆ. ಪರೇಡಿನ ದಿನವೇ ವಸ್ತುಸಂಗ್ರಹಾಲಯಗಳನ್ನೂ ತೋರಿಸಬಹುದೇ?

ಉತ್ತರ 1: ದಯವಿಟ್ಟು ಬೇಡ. ಪರೇಡ್ ಸಾಗುವ ಕಾನ್‌ಸ್ಟಿಟ್ಯೂಷನ್ ಅವೆನ್ಯೂ ಸುತ್ತಲಿನ ರಸ್ತೆಗಳನ್ನು ಮುಚ್ಚುವುದರಿಂದ ಬಸ್ಸು ಸಮೀಪಕ್ಕೆ ಬರುವುದಿಲ್ಲ. ದಪ್ಪ ಸಮವಸ್ತ್ರ ತೊಟ್ಟು, ಸೂಸಫೋನ್ ಎಂಬ ಭಾರವಾದ ಹಿತ್ತಾಳೆ ವಾದ್ಯವನ್ನು ಹೆಗಲಿಗೇರಿಸಿ ಸರದಿಗಾಗಿ ಕಾದು ನಿಂತ ಮಕ್ಕಳಿಗೆ ಮತ್ತೆ ಸುತ್ತಾಡುವ ತ್ರಾಣ ಉಳಿಯುವುದಿಲ್ಲ. ಮರುದಿನ ಸ್ಮಿತ್‌ಸೋನಿಯನ್‌ನ ಅಮೆರಿಕನ್ ಇತಿಹಾಸ ಸಂಗ್ರಹಾಲಯಕ್ಕೆ ಕರೆದೊಯ್ಯಿರಿ. ಪ್ರವೇಶ ಉಚಿತ, ರಾಷ್ಟ್ರಗೀತೆಗೆ ಪ್ರೇರಣೆಯಾದ 1814ರ ಧ್ವಜ ಅಲ್ಲಿದೆ.

ಉತ್ತರ 2: ಲಿಂಕನ್ ಸ್ಮಾರಕವನ್ನು ಮಾತ್ರ ಪರೇಡಿನ ರಾತ್ರಿಗೇ ಇಟ್ಟುಕೊಳ್ಳಬಹುದು, ಏಕೆಂದರೆ ಅದು ದಿನದ 24 ಗಂಟೆಯೂ ತೆರೆದಿರುತ್ತದೆ. ಕಪ್ಪುವರ್ಣೀಯರೆಂಬ ಕಾರಣಕ್ಕೆ ನಗರದ ದೊಡ್ಡ ಸಭಾಂಗಣವೊಂದು ಬಾಗಿಲು ಮುಚ್ಚಿದಾಗ, ಗಾಯಕಿ ಮೇರಿಯನ್ ಆ್ಯಂಡರ್ಸನ್ 1939ರಲ್ಲಿ ಸುಮಾರು 75,000 ಜನರೆದುರು ಹಾಡಿದ್ದು ಅದರ ಮೆಟ್ಟಿಲುಗಳ ಮೇಲೆಯೇ. ಸಂಗೀತ ಕಲಿಯುವ ಮಕ್ಕಳಿಗೆ ಇದನ್ನು ಹೇಳದೆ ಬರಿದೇ ಫೋಟೊ ತೆಗೆಸಿ ಹೊರಡಿಸುವುದು ನನಗಂತೂ ಸರಿಕಾಣದು.

ಉತ್ತರ 3: ಬಸ್ ಚಾಲಕರು ಸತತ 8 ಗಂಟೆ ವಿಶ್ರಾಂತಿಯ ನಂತರ ಗರಿಷ್ಠ 10 ಗಂಟೆ ಮಾತ್ರ ವಾಹನ ಓಡಿಸಬಹುದೆಂಬ ಕೇಂದ್ರ ನಿಯಮವಿದೆ. ರಾತ್ರಿಯ ಸುತ್ತಾಟವನ್ನು ನಿಗದಿಪಡಿಸುವ ಮುನ್ನ ಬಸ್ ಕಂಪನಿಯೊಡನೆ ಮಾತನಾಡಿರಿ.