ಪ್ಲೈವುಡ್ ಒಳಗಿನ ಅಂಟು ಮೈಕ್ರೋ-ಸಿಟಿಯಲ್ಲಿ ಕಾಣುತ್ತಿಲ್ಲ: ಏನು ಬದಲಿಸಬೇಕು?

ಹೊಸನಗರ_ವಿನಿಯರ್ (ಪ್ರಶ್ನೆ)

12 ಮಿಮೀ ಪ್ಲೈವುಡ್, ಅಕೇಶಿಯಾ ಕೋರ್ (ಒಳಪದರ), ಪಿಎಫ್ (ಫೀನಾಲ್-ಫಾರ್ಮಾಲ್ಡಿಹೈಡ್ ರೆಸಿನ್) ಅಂಟು. ಬೇಸಿಗೆಯಲ್ಲಿ ಒತ್ತಿದ ಹಲಗೆ 72 ಗಂಟೆ ಕುದಿಸಿದರೂ ಪದರ ಬಿಡುವುದಿಲ್ಲ. ಮಳೆಗಾಲದಲ್ಲಿ ಒತ್ತಿದವು ಕೆಲವು ಕೋರ್ ಹತ್ತಿರ ಬಾಯಿ ಬಿಡುತ್ತಿವೆ. ಅಂಟು ಮರದೊಳಗೆ ಎಷ್ಟು ಆಳ ಇಳಿದಿದೆ ಎಂದು ಅಳೆಯಲು ಮೈಕ್ರೋ-ಸಿಟಿ (ಒಳಭಾಗದ ಮೂರು ಆಯಾಮದ ಸೂಕ್ಷ್ಮ ಎಕ್ಸ್-ರೇ ಚಿತ್ರ) ಮಾಡಿಸಿದೆವು. ತುಂಡು 20 ಮಿಮೀ ಚೌಕ, ವಾಕ್ಸೆಲ್ (ಮೂರು ಆಯಾಮದ ಚಿತ್ರದ ಒಂದು ಚುಕ್ಕೆ) 12 ಮೈಕ್ರಾನ್, ಎಕ್ಸ್-ರೇ ಕೊಳವೆ 80 ಕೆವಿ. ಪದರಗಳು, ದೊಡ್ಡ ನಾಳಗಳು ಕಂಡವು. ಅಂಟು ಎಲ್ಲಿ ಮುಗಿದು ಮರ ಎಲ್ಲಿ ಶುರುವಾಗುತ್ತದೆ ಅನ್ನೋದು ಮಾತ್ರ ಗೊತ್ತಾಗುತ್ತಿಲ್ಲ. ಅಲ್ಲಲ್ಲಿ ಹೊಳೆಯುವ ಬಿಳಿ ಚುಕ್ಕೆಗಳಿವೆ. ಅವೇ ಅಂಟೇ? ಕೆವಿ ಏರಿಸಬೇಕೋ ಇಳಿಸಬೇಕೋ?

ರೆಸಿನ್_ಕೆಟಲ್

ಮಷಿನ್ನಿನ ತಪ್ಪಲ್ಲ ಸರ್, ಹೀಗೇ ಆಗಬೇಕಾದದ್ದು. ಎಕ್ಸ್-ರೇ ಎಷ್ಟು ಹೀರಿಕೆಯಾಗುತ್ತದೆ ಅನ್ನೋದು ಪರಮಾಣು ಸಂಖ್ಯೆ ಮತ್ತು ಸಾಂದ್ರತೆಯ ಮೇಲೆ ನಿಂತಿದೆ. ಮರದಲ್ಲೂ ಪಿಎಫ್‌ನಲ್ಲೂ ಇರುವುದು ಹೆಚ್ಚುಕಡಿಮೆ ಕಾರ್ಬನ್, ಹೈಡ್ರೋಜನ್, ಆಮ್ಲಜನಕವೇ. ಕೋಶಗೋಡೆಯ ಸಾಂದ್ರತೆ ಸುಮಾರು 1.5, ಗಟ್ಟಿಯಾದ ಪಿಎಫ್ ಸುಮಾರು 1.3. ಅಂದರೆ ಅಂಟು ಗೋಡೆಗಿಂತ ತುಸು ಮಬ್ಬಾಗಿಯೇ ಕಾಣಬೇಕು, ಆ ಅಂತರವೂ ಚಿತ್ರದ ಗದ್ದಲದಲ್ಲಿ ಮುಳುಗುತ್ತದೆ. ಅಂಟಿನಲ್ಲಿರುವ ಕಾಸ್ಟಿಕ್ ಸೋಡಾದಿಂದ ಬರುವ ಸೋಡಿಯಂ ಸ್ವಲ್ಪ ಸಹಾಯ ಮಾಡಿದರೂ ಸಾಲುವುದಿಲ್ಲ.

ಬಿಳಿ ಚುಕ್ಕೆ ಅಂಟಲ್ಲ. ಗ್ಲೂ ಲೈನ್‌ನಿಂದ (ಪದರಗಳ ನಡುವಿನ ಅಂಟಿನ ಗೆರೆ) ದೂರ, ಮರದ ನಡುವೆಯೂ ಸಾಲುಸಾಲಾಗಿ ಇದ್ದರೆ ಅವು ಕ್ಯಾಲ್ಸಿಯಂ ಆಕ್ಸಲೇಟ್ ಹರಳು. ಅಕೇಶಿಯಾ ಜಾತಿಯಲ್ಲಿ ಸಾಮಾನ್ಯ. ಗ್ಲೂ ಲೈನ್‌ನಲ್ಲಿ ಮಾತ್ರ ಇದ್ದರೆ ಅಂಟಿಗೆ ಬೆರೆಸಿದ ಫಿಲ್ಲರ್‌ನಲ್ಲಿ ಸುಣ್ಣದ ಪುಡಿ ಇದೆಯೇ ನೋಡಿ. ಮೈದಾ, ತೆಂಗಿನ ಚಿಪ್ಪಿನ ಪುಡಿ ಹಾಗೆ ಹೊಳೆಯುವುದಿಲ್ಲ.

ಇನ್ನು ಅಳತೆ. ಗಟ್ಟಿಮರದ ನಾರುಕೋಶದ ಒಳಬಾಯಿ 5ರಿಂದ 15 ಮೈಕ್ರಾನ್. 12 ಮೈಕ್ರಾನ್ ವಾಕ್ಸೆಲ್‌ನಲ್ಲಿ ಒಂದು ಕೋಶ ಒಂದೇ ಚುಕ್ಕೆ. ಡಿಟೆಕ್ಟರ್ ಅಗಲ 2000 ಪಿಕ್ಸೆಲ್ ಎಂದಿಟ್ಟುಕೊಳ್ಳಿ: 1 ಮೈಕ್ರಾನ್ ಬೇಕೆಂದರೆ ತುಂಡು ಮೂಲೆಯಿಂದ ಮೂಲೆಗೆ 2 ಮಿಮೀ ದಾಟಬಾರದು. 1.4×1.4 ಮಿಮೀ, ಉದ್ದ 10 ಮಿಮೀ ಕಡ್ಡಿ ಮಾಡಿ, ಗ್ಲೂ ಲೈನ್ ಸರಿಯಾಗಿ ನಡುವಿಗೆ ಬರಲಿ. ಗರಗಸದ ಅಂಚು ನಾರನ್ನು ಹರಿದು ಪುಡಿಯನ್ನು ನಾಳಕ್ಕೆ ತುಂಬುತ್ತದೆ, ಅದನ್ನೇ ಅಂಟು ಎಂದು ಎಣಿಸುವ ಅಪಾಯವಿದೆ. ಹಾಗಾಗಿ ಕೊನೆಯ ಅರ್ಧ ಮಿಮೀಯನ್ನು ಮೈಕ್ರೋಟೋಮ್ (ತೆಳು ಪದರ ಕೊಯ್ಯುವ ಯಂತ್ರ) ಬ್ಲೇಡಿನಲ್ಲೇ ಸವರಿ.

ಶಂಕರಘಟ್ಟ_ಲ್ಯಾಬ್

ಕಾಣಬೇಕೆಂದರೆ ಅಂಟಿಗೇ ಒಂದು ಭಾರದ ಮೂಲವಸ್ತು ಕಟ್ಟಬೇಕು. ಅಮೆರಿಕದ ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯವರು ಮೊದಲು ಸೋಡಿಯಂ ಬದಲು ರುಬಿಡಿಯಂ, ಆಮೇಲೆ ರೆಸಿನ್‌ಗೇ ರಾಸಾಯನಿಕವಾಗಿ ಬೆಸೆದ ಅಯೋಡಿನ್ ಹಿಡಿದು ಕೆಲಸ ಮಾಡಿದ್ದಾರೆ. ಎರಡನೆಯದೇ ನಂಬಿಕೆಗೆ ಅರ್ಹ ಎಂಬುದು ನನ್ನ ದೃಢ ಅಭಿಪ್ರಾಯ.

ಲೆಕ್ಕ ಹೀಗೆ. 40 ಕೆಇವಿ ಶಕ್ತಿಯ ಕಿರಣಕ್ಕೆ ಅಯೋಡಿನ್‌ನ ಹೀರಿಕೆ ಗ್ರಾಂಗೆ ಸುಮಾರು 22 ಚದರ ಸೆಂಮೀ, ಮರದ್ದು ಸುಮಾರು 0.24. ಅಂದರೆ ಅಂಟಿನ ತೂಕದಲ್ಲಿ 1% ಅಯೋಡಿನ್ ಇದ್ದರೂ ಹೀರಿಕೆ ಹತ್ತಿರಹತ್ತಿರ ಇಮ್ಮಡಿ. ಆದರೆ ಅಯೋಡಿನ್‌ನ ಹೀರಿಕೆ ಜಿಗಿಯುವುದು 33.17 ಕೆಇವಿಯ ಮೇಲೆ. 30ರಲ್ಲಿ ಅದೇ 1% ಕೊಡುವ ಲಾಭ ಕಾಲುಭಾಗದಷ್ಟೇ. ಆದ್ದರಿಂದ ಟ್ಯಾಗ್ (ಗುರುತಿಗೆ ಸೇರಿಸುವ ಇಂಥ ಮೂಲವಸ್ತು) ಇಲ್ಲದ ಮರಕ್ಕೆ 40 ಕೆವಿ ಸರಿ; ಅಯೋಡಿನ್ ಇದ್ದರೆ 60–70 ಕೆವಿ, ಅರ್ಧ ಮಿಮೀ ಅಲ್ಯೂಮಿನಿಯಂ ಫಿಲ್ಟರ್ ಹಾಕಿ ಕೆಳಗಿನ ಶಕ್ತಿಯ ಕಿರಣ ತೆಗೆಯಿರಿ.

ಕೊಳವೆಯ ಕಿರಣ ಬಹುವರ್ಣದ್ದು (ಹಲವು ಶಕ್ತಿಗಳ ಬೆರಕೆ), ಆದ್ದರಿಂದ 2% ಅಯೋಡಿನ್ ಇಟ್ಟುಕೊಳ್ಳಿ. ಅಯೋಡಿನ್ ಬೆಸೆದ ಫೀನಾಲ್, ಅಂದರೆ ಅಯೋಡೋಫೀನಾಲ್‌ನ ತೂಕದಲ್ಲಿ ಅಯೋಡಿನ್ ಸುಮಾರು 58%, ಹಾಗಾಗಿ 100 ಗ್ರಾಂ ಘನ ರೆಸಿನ್‌ಗೆ 3.5 ಗ್ರಾಂ ಹತ್ತಿರ. ಅದನ್ನು ರೆಸಿನ್ ಕುದಿಸಿ ತಯಾರಿಸುವಾಗಲೇ ಫೀನಾಲ್‌ನ ಒಂದು ಪಾಲಿನ ಬದಲು ಸೇರಿಸಬೇಕು. ಅಯೋಡಿನ್ ಒಂದು ಕೊಂಡಿಯ ಜಾಗ ಹಿಡಿಯುವುದರಿಂದ ಜಾಸ್ತಿ ಹಾಕಿದರೆ ಅಂಟು ನಿಧಾನ ಗಟ್ಟಿಯಾಗುತ್ತದೆ. ಸ್ನಿಗ್ಧತೆ ಅಳೆಯುವ ಬಿ-4 ಕಪ್‌ನಲ್ಲಿ ಹರಿಯುವ ಸೆಕೆಂಡು, ಜೆಲ್ ಆಗುವ ಸಮಯ, ಘನಾಂಶ, ಈ ಮೂರೂ ಮಾಮೂಲಿ ಅಂಟಿಗೆ ಹೊಂದದಿದ್ದರೆ ನೀವು ಅಳೆಯುವುದು ಬೇರೆಯೇ ಅಂಟಿನ ಆಳ.

ಹೊಸನಗರ_ವಿನಿಯರ್

ಅಷ್ಟು ಕಷ್ಟ ಯಾಕೆ, ಅಂಟಿಗೆ ಪೊಟ್ಯಾಸಿಯಂ ಅಯೋಡೈಡ್ ಕರಗಿಸಿದರೆ ಆಗುವುದಿಲ್ಲವೇ? ಸುಲಭವಾಗಿ ಸಿಗುತ್ತದೆ.

ಶಂಕರಘಟ್ಟ_ಲ್ಯಾಬ್

ಅದೇ ಮೋಸ ಮಾಡುವ ದಾರಿ. ಉಪ್ಪು ನೀರಿನ ಜೊತೆ ಹೋಗುತ್ತದೆ, ರೆಸಿನ್ ಅಣು ಹಿಂದೆ ಉಳಿಯುತ್ತದೆ. ಚಿತ್ರದಲ್ಲಿ ಅಂಟು ಆಳಕ್ಕೆ ಇಳಿದಂತೆ ತೋರುವುದು ಬರೀ ಅಯೋಡೈಡ್ ಆಗಿರಬಹುದು. ನಿಮ್ಮ ಪ್ರಶ್ನೆಯೇ ಆಳದ್ದಾದ್ದರಿಂದ ಇದನ್ನು ಬಿಡಲಾಗದು.

ಯಾವ ಟ್ಯಾಗ್ ಆದರೂ ಹೀಗೆ ಪರೀಕ್ಷಿಸಿ: ಅಂಟನ್ನು ಗಾಜಿನ ಮೇಲೆ ತೆಳುವಾಗಿ ಬಳಿದು ಪ್ರೆಸ್‌ನ ಉಷ್ಣತೆಯಲ್ಲಿ ಗಟ್ಟಿಮಾಡಿ, ಪುಡಿಮಾಡಿ, ಬಟ್ಟಿ ಇಳಿಸಿದ ನೀರಲ್ಲಿ ಒಂದು ದಿನ ನೆನೆಸಿ. ಸೋಸಿದ ನೀರಿಗೆ ಮೊದಲು ನೈಟ್ರಿಕ್ ಆಮ್ಲ ಹಾಕಿ ಆಮ್ಲೀಯ ಮಾಡಿ, ನಂತರ ಸಿಲ್ವರ್ ನೈಟ್ರೇಟ್. ಹಳದಿ ಮಡ್ಡಿ ಬಂದರೆ ಅಯೋಡೈಡ್ ಬಿಟ್ಟುಕೊಂಡಿದೆ. ಆಮ್ಲ ಹಾಕದೆ ಬಿಟ್ಟರೆ ಕಾಸ್ಟಿಕ್‌ನಿಂದಲೇ ಕಂದು ಮಡ್ಡಿ ಬಂದು ದಾರಿ ತಪ್ಪಿಸುತ್ತದೆ.

ಆಗುಂಬೆ_ಕಾಡುಮರ

ಮಾರಾಯ್ರೇ, ಒಂದು ಮಾತು. ಎಕ್ಸ್-ರೇ ತೋರಿಸುವುದು ಅಂಟು ಎಲ್ಲಿದೆ ಎಂದು. ಅದು ಪೂರ್ತಿ ಗಟ್ಟಿಯಾಗಿದೆಯೇ ಎಂದಲ್ಲ. ನಿಮ್ಮ ತೊಂದರೆ ಮಳೆಗಾಲಕ್ಕೆ ಕಟ್ಟಿಕೊಂಡಿದೆ. ಡ್ರೈಯರ್‌ನಿಂದ 6–8% ತೇವದಲ್ಲಿ ಹೊರಬಂದ ವಿನಿಯರ್ (ತೆಳು ಮರದ ಹಾಳೆ) ತೆರೆದ ಶೆಡ್‌ನಲ್ಲಿ ಹರಡಿಕೊಂಡು ರಾತ್ರಿ ಕಳೆದರೆ ಬೆಳಿಗ್ಗೆ ಅಷ್ಟೇ ಇರುವುದಿಲ್ಲ. ಗಾಳಿಯ ತೇವ 90% ಇದ್ದಾಗ ಮರ ಕೊನೆಗೆ ನಿಲ್ಲುವುದು 20%ದ ಆಸುಪಾಸು. ತೇವದ ಹಾಳೆಯಲ್ಲಿ ಪಿಎಫ್ ಬೇಗ ಬಿಗಿಯುವುದಿಲ್ಲ, ಬಿಸಿ ಒತ್ತಡಕ್ಕೆ ನಾಳಗಳೊಳಗೆ ಓಡಿಹೋಗಿ ಗ್ಲೂ ಲೈನ್ ಹಸಿದು ನಿಲ್ಲುತ್ತದೆ. ಇಲ್ಲವೇ ಪ್ರೆಸ್ ತೆರೆದಾಗ ಹಬೆ ಸೀಳಿ ಗುಳ್ಳೆ ಏಳುತ್ತದೆ. ಎರಡಕ್ಕೂ ಮದ್ದು ಬೇರೆ: ಮೊದಲನೆಯದಕ್ಕೆ ಹಾಳೆ ಒಣಗಿಸುವುದು, ಅಂಟು ಬಳಿದ ಮೇಲೆ ಒತ್ತುವ ಮೊದಲು ಕಾಯುವ ಹೊತ್ತು ಸರಿಮಾಡುವುದು, ಎರಡನೆಯದಕ್ಕೆ ಅದರ ಜೊತೆ ಒತ್ತಡ ನಿಧಾನ ಇಳಿಸುವುದು.

ಯಾವುದು ಎಂದು ತಿಳಿಯಲು ಟ್ಯಾಗ್ ಬೇಡ. ಗುಳ್ಳೆ, ಬಿರುಕು, ಕೋರ್ ಸಂದು ಗಾಳಿ ತುಂಬಿದ ಜಾಗ, ಅವು ಯಾವ ಸಿಟಿಯಲ್ಲೂ ಕಪ್ಪಾಗಿ ಕಾಣುತ್ತವೆ. ನಿಮ್ಮ 12 ಮೈಕ್ರಾನ್ ಸ್ಕ್ಯಾನೇ ಸಾಕು, ಮತ್ತೊಮ್ಮೆ ತೆರೆದು ಅದನ್ನೇ ನೋಡಿ. ಆಳಕ್ಕೆ ಅಗ್ಗದ ದಾರಿಯೂ ಇದೆ: ಅಡ್ಡಕೊಯ್ದ ಮೇಲ್ಮೈಗೆ 0.5% ಟೊಲುಯಿಡಿನ್ ಬ್ಲೂ ಹಚ್ಚಿ ತೊಳೆದು ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮರದ ಹೊಳಪು ಅಡಗಿ ಅಂಟು ಬೇರೆಯಾಗುತ್ತದೆ. ಒಂದು ಕೊಯ್ತಕ್ಕೆ ಸೀಮಿತ, ನಿಜ. ಆದರೂ ಮೊದಲು ಇದು.

ರೆಸಿನ್_ಕೆಟಲ್

ಒಪ್ಪುತ್ತೇನೆ. ಆದರೆ ನಾಳ ವಕ್ರವಾಗಿ ಹೋದರೆ ಒಂದು ಕೊಯ್ತ ಸುಳ್ಳು ಹೇಳುತ್ತದೆ. ಮೂರು ಆಯಾಮದ ಅಳತೆ ಬೇಕಾಗುವುದು ಆಗಲೇ.

ಸ್ಕ್ಯಾನ್ ಮಾಡುವಾಗ ತುಂಡು ಅಲುಗದಂತೆ ಜಾಗ್ರತೆ. ಗಂಟೆಗಟ್ಟಲೆ ಓಡುವ ಸ್ಕ್ಯಾನ್‌ನಲ್ಲಿ ಎಸಿ ಕೋಣೆಯ ಒಣಗಾಳಿಗೆ ಮರ ಕುಗ್ಗಿ ಚಿತ್ರ ಮಸುಕಾಗುತ್ತದೆ. ಹಿಂದಿನ ದಿನವೇ ಅದೇ ಕೋಣೆಯಲ್ಲಿಟ್ಟು, ಪ್ಯಾರಾಫಿನ್ ಫಿಲ್ಮ್ ಸುತ್ತಿ ಹಿಡಿಕೆಗೆ ಅಂಟಿಸಿ. 2000 ಪಿಕ್ಸೆಲ್ ಅಗಲಕ್ಕೆ ಪೂರ್ತಿ ಲೆಕ್ಕದಲ್ಲಿ ಸುಮಾರು 3100 ಕೋನಗಳಿಂದ ಎಕ್ಸ್-ರೇ ಚಿತ್ರ ಬೇಕು. 1600ಕ್ಕೆ ಇಳಿಸಿದರೆ ಅಂಟಿನ ತೆಳು ಪದರದ ಅಂಚು ಗೆರೆಗೆರೆಯಾಗುತ್ತದೆ.

ಎಣಿಸುವಾಗ ಒಂದು ಬಲೆ ಇದೆ: ಹೊಳೆಯುವ ಅಂಟು ಮತ್ತು ಕಪ್ಪು ಗಾಳಿಯ ನಡುವಿನ ವಾಕ್ಸೆಲ್ ಎರಡರ ಸರಾಸರಿ ತೋರಿಸುತ್ತದೆ, ಅದು ಕೋಶಗೋಡೆಯ ಬಣ್ಣ. ಬರೀ ಥ್ರೆಶೋಲ್ಡ್ (ಹೊಳಪಿನ ಮಿತಿ) ಹಾಕಿದರೆ ಅಂಟಿನ ಸುತ್ತ ಇಲ್ಲದ ಗೋಡೆ ಹುಟ್ಟುತ್ತದೆ. ಫಿಜಿ ಎಂಬ ಚಿತ್ರ ಸಂಸ್ಕರಣೆಯ ಸಾಫ್ಟ್‌ವೇರಿನಲ್ಲಿ ಗದ್ದಲ ತಗ್ಗಿಸಲು 3×3×3 ಮೀಡಿಯನ್ ಫಿಲ್ಟರ್ ಹಾಕಿ, ಅಂಟು, ಮರ, ಗಾಳಿಯನ್ನು ವಿಂಗಡಿಸುವ ಅದರ ವೇಕಾ ಸೆಗ್ಮೆಂಟೇಶನ್‌ಗೆ ಕೈಯಾರೆ ಗುರುತಿಸಿ ಕಲಿಸಿ. 2000ರ ಘನದ ಒಂದು ಸ್ಕ್ಯಾನ್ 16 ಬಿಟ್‌ನಲ್ಲಿ 16 ಜಿಬಿ, ಆದ್ದರಿಂದ ಮೊದಲು ಗ್ಲೂ ಲೈನ್ ಸುತ್ತಲಿನ ಭಾಗ ಕತ್ತರಿಸಿಕೊಳ್ಳಿ. ಆಮೇಲೆ ಅಂಟಿನ ಒಟ್ಟು ಘನಗಾತ್ರವನ್ನು ಗ್ಲೂ ಲೈನ್‌ನ ವಿಸ್ತೀರ್ಣದಿಂದ ಭಾಗಿಸಿದರೆ ಪರಿಣಾಮಕಾರಿ ಆಳ. ಬೇಸಿಗೆ ಹಲಗೆಯದೂ ಮಳೆಗಾಲದ್ದೂ ಒಂದೇ ಟ್ಯಾಗ್, ಒಂದೇ ಸೆಟ್ಟಿಂಗ್‌ನಲ್ಲಿ, ಒಂದೊಂದಕ್ಕೆ ಬೇರೆಬೇರೆ ಜಾಗದ ಕನಿಷ್ಠ ಮೂರು ಕಡ್ಡಿ ತೆಗೆದು ಹೋಲಿಸಿ.