‘ಮೇಲೆ ಹಾಡು’ ಅಂದರೆ ಮಕ್ಕಳು ಕಿರುಚುತ್ತಾರೆ: ಪಿಚ್‌ಗೆ ಆಡುಮಾತಿನ ಪದ ಯಾವುದು?

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಹೆಚ್ಚಿನವರ ಮನೆಮಾತು ತುಳು, ಕೆಲವರದ್ದು ಕೊಂಕಣಿ, ಬ್ಯಾರಿ. ಪಾಠ ಕನ್ನಡದಲ್ಲಿ. ಪಿಚ್ ಅಂದರೆ ನಾದ ಎಷ್ಟು ಎತ್ತರ, ಎಷ್ಟು ತಗ್ಗು ಅನ್ನುವುದು; ಎಷ್ಟು ಜೋರು ಅನ್ನುವುದಲ್ಲ. ಅದಕ್ಕೆ ಮಕ್ಕಳಿಗೆ ತಿಳಿಯುವ ಪದ ಹುಡುಕುತ್ತಿದ್ದೇನೆ.

ಸರಳೆ ವರಸೆಯಲ್ಲಿ (ಸ ರಿ ಗ ಮ ಪ ದ ನಿ ಸ ಅಂತ ಹಾಡುವ ಮೊದಲ ಪಾಠ) ಮೇಲಿನ ‘ಸ’ ಹತ್ತಿರ ಬಂದಾಗ ‘ಸ್ವರ ಮೇಲೆ ಹೋಗಲಿ’ ಅಂದರೆ ಇಡೀ ಕ್ಲಾಸು ಕಿರುಚುತ್ತದೆ. ‘ನಿ’ಯಲ್ಲೇ ನಿಂತುಕೊಂಡು ಬರೇ ಜೋರಾಗುತ್ತಾರೆ. ಇದು ಮಕ್ಕಳ ತಪ್ಪಲ್ಲ. ನಮ್ಮ ಕಡೆ ಸ್ವರ ಅಂದರೆ ಮೊದಲಿಗೆ ಗಂಟಲಿನ ದನಿ. ಶೀತವಾದರೆ ‘ಸ್ವರ ಬಿದ್ದಿದೆ’, ಫೋನಿನಲ್ಲಿ ‘ನಿಮ್ಮ ಸ್ವರ ಕೇಳುವುದಿಲ್ಲ’. ಹಾಗಾಗಿ ಸ್ವರ ಏರಿಸು ಅಂದರೆ ಗಟ್ಟಿಯಾಗಿ ಕೂಗು ಅಂತಲೇ ಅವರ ಲೆಕ್ಕ.

ಬೇರೆ ಪದ ಹುಡುಕಿದರೆ ಅದೂ ಅತ್ತಲೇ ಜಾರುತ್ತದೆ. ಕೆಳಗಿನ, ನಡುವಿನ, ಮೇಲಿನ ಸ್ಥಾಯಿಗೆ ಮಂದ್ರ, ಮಧ್ಯ, ತಾರ ಅಂತ ಶಾಸ್ತ್ರದಲ್ಲಿ ಸ್ಪಷ್ಟವಾಗಿದೆ. ಆದರೆ ಮಾತಿನಲ್ಲಿ ತಾರಕ ಸ್ವರ ಅಂದರೆ ಅರಚಾಟ, ಜಗಳ ತಾರಕಕ್ಕೇರುತ್ತದೆ. ‘ಸಣ್ಣ ಸ್ವರ’ ತೆಳು ದನಿಯೂ ಹೌದು, ಕೇಳಿಸದಷ್ಟು ಮೆತ್ತಗಿನ ದನಿಯೂ ಹೌದು. ‘ಮೆಲ್ಲ ಹಾಡಿ’ ಅಂದರೆ ಅರ್ಧ ಮಕ್ಕಳು ಪಿಸುಗುಡುತ್ತಾರೆ, ಉಳಿದವರು ಲಯ ಎಳೆಯುತ್ತಾರೆ. ಯಕ್ಷಗಾನದ ‘ಏರು ಪದ್ಯ’ ನೆನಪಾಯಿತು. ಅಲ್ಲಿಯ ಏರಿನಲ್ಲಿ ಎತ್ತರ, ವೇಗ, ಬಿರುಸು ಎಲ್ಲ ಒಟ್ಟಿಗೇ ಇದೆ. ‘ಶ್ರುತಿ ಏರಿಸು’ ಅನ್ನುವಂತೆಯೂ ಇಲ್ಲ. ಅದು ಆಧಾರವನ್ನೇ ಬದಲಿಸುವ ಮಾತು, ಭಾಗವತರು (ಯಕ್ಷಗಾನದ ಹಾಡುಗಾರರು) ಹಾರ್ಮೋನಿಯಂನ ಕಪ್ಪು ಮನೆಗಳಲ್ಲಿ ಎರಡನೆಯದು, ಅಂದರೆ ಕಪ್ಪು ಎರಡು, ಬಿಟ್ಟು ಕಪ್ಪು ಮೂರಕ್ಕೆ ಹೋದ ಹಾಗೆ.

ವಿಷಯ ಮಕ್ಕಳಿಗೆ ತಿಳಿಯುವುದಿಲ್ಲ ಅಂತಲ್ಲ. ಒಂದೇ ಅಳತೆಯ ಎರಡು ಪಿಂಗಾಣಿ ಬಟ್ಟಲು ಇಡುತ್ತೇನೆ. ಒಂದರ ತುಂಬ ನೀರು, ಇನ್ನೊಂದರ ತಳದಲ್ಲಿ ಸ್ವಲ್ಪ. ಚಮಚದಲ್ಲಿ ತಟ್ಟಿದರೆ ನೀರು ಕಡಿಮೆ ಇದ್ದದ್ದು ಮೇಲಿನ ನಾದ ಕೊಡುತ್ತದೆ, ಜಲತರಂಗದಲ್ಲಿ ಆಗುವ ಹಾಗೆಯೇ. ತುಂಬಿದ ಬಟ್ಟಲನ್ನು ಎಷ್ಟು ಗಟ್ಟಿ ತಟ್ಟಿದರೂ ನಾದ ಕೆಳಗೇ ಇರುತ್ತದೆ. ಮಕ್ಕಳು ಬೆನ್ನು ಹಾಕಿ ಕೂತರೂ ಯಾವ ಬಟ್ಟಲು ಅಂತ ಸರಿಯಾಗಿ ಹೇಳುತ್ತಾರೆ. ಕೆಳಗಿನ ‘ಸ’ ಸೆಕೆಂಡಿಗೆ 240 ಸಲ ಕಂಪಿಸಿದರೆ ಮೇಲಿನದ್ದು 480 ಸಲ ಎಂಬುದೆಲ್ಲ ಈ ವಯಸ್ಸಿಗೆ ಬೇಡ. ಆದರೆ ಕಿವಿಗೆ ಗೊತ್ತಾದದ್ದಕ್ಕೆ ಬಾಯಲ್ಲಿ ಒಂದು ಹೆಸರು ಬೇಕಲ್ವಾ? ಎರಡನೇ ಕ್ಲಾಸಿನ ಒಬ್ಬಳು ‘ಇದು ಚೂಪು, ಅದು ಗುಂಡು’ ಅಂದಳು. ನನಗೆ ತುಂಬ ಇಷ್ಟವಾಯಿತು. ಆದರೆ ಚೂಪು ಅಂದರೆ ಕೀರಲು ದನಿ ತೆಗೆಯುತ್ತಾರೋ ಅನ್ನುವ ಅಂಜಿಕೆ.

ಸದ್ಯಕ್ಕೆ ‘ಒಂದು ಮೆಟ್ಟಿಲು ಹತ್ತಿ, ಸೌಂಡ್ ಅಷ್ಟೇ ಇರಲಿ’ ಅನ್ನುತ್ತೇನೆ. ಸೌಂಡ್ ಅವರಿಗೆ ಟೀವಿಯಿಂದಲೇ ಗೊತ್ತು. ಹಾಡುವಾಗ ಇದು ಸಾಕಾಗುತ್ತದೆ. ಎರಡು ನಾದ ಹೋಲಿಸುವಾಗ ಸಾಕಾಗುವುದಿಲ್ಲ. ‘ಇದು ಅದಕ್ಕಿಂತ ಜಾಸ್ತಿ’ ಅಂದಮೇಲೆ ಜಾಸ್ತಿ ಏನು? ಅಲ್ಲಿ ಮೆಟ್ಟಿಲು ಕೂರುವುದಿಲ್ಲ.

ಭಾಗವತಿಕೆ ಕಲಿತವರು ಹೇಳಬೇಕು: ಮಕ್ಕಳು ಎತ್ತರ ಮುಟ್ಟದೆ ಬರೇ ಬೊಬ್ಬೆ ಹಾಕಿದಾಗ ಗುರುಗಳು ಯಾವ ಮಾತಿನಲ್ಲಿ ತಿದ್ದುತ್ತಾರೆ? ಭಜನಾ ಮಂದಿರದಲ್ಲಿ ಕಲಿಸುವವರು ಏನು ಹೇಳುತ್ತೀರಿ? ಕುಂದಾಪುರ ಕನ್ನಡದಲ್ಲಿ, ಘಟ್ಟದ ಮೇಲಿನ ಮಾತಿನಲ್ಲಿ ಜೋರು ಬೇರೆ, ಎತ್ತರ ಬೇರೆ ಅಂತ ಬಿಡಿಸಿ ಹೇಳುವ ಜೋಡಿ ಪದ ಇದ್ದರೆ, ಬಳಸುವ ವಾಕ್ಯದ ಜೊತೆಗೇ ಬರೆಯಿರಿ.